ಕುಡಿತ ಬಿಡುವವನಿಗೆ ಕೂಡ್ರಲು ಜಾಗ ಬೇಕು

ಪಗಾರದ ದಿನ ಕೊಳಾರದ ಕಾರ್ಖಾನೆಯಿಂದ ಹೊರಟವನು ಚಿದ್ರಿಯ ಮನೆ ಮುಟ್ಟುವುದರೊಳಗೆ ಅವನ ಕಿಸೆ ಎಷ್ಟು ಹಗುರಾಗುತ್ತದೆಂಬುದು ನಮ್ಮ ವಾಚಕರಿಗೆ ಹೊಸ ಸಂಗತಿಯಲ್ಲ. ಕೂಲಿಯವನ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಕಿರಾಣಿ ಅಂಗಡಿಯವನ ಉದ್ರಿ ಖಾತೆ ವಸೂಲಾಗುವುದಿಲ್ಲ. ನಷ್ಟ ಇಬ್ಬರದೂ.

ಇದಕ್ಕೆ ಊರಿನ ಹಿರಿಯರು ಎರಡು ಉಪಾಯ ಹೇಳುತ್ತ ಬಂದಿದ್ದಾರೆ. ಒಂದು, ಬುದ್ಧಿ ಹೇಳಿ ಆಣೆ ಮಾಡಿಸುವುದು. ಆಣೆ ಮಾಡಿದವನು ಮುಂದಿನ ಪಗಾರಕ್ಕೆ ಅದೇ ಬಾಗಿಲಲ್ಲಿ ನಿಂತಿರುತ್ತಾನೆ. ಇನ್ನೊಂದು, ಅಂಗಡಿ ಮುಚ್ಚಿಸುವುದು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದಾಯಿತು, ಕುಡಿತ ಬಂದಾಗಲಿಲ್ಲ. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2025–26ರ ಸಾಲಿಗೆ ರಾಜ್ಯ ಸರಕಾರ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಇಷ್ಟು ದೊಡ್ಡ ಆದಾಯವನ್ನು ಯಾವ ಸರಕಾರ ತಾನಾಗಿ ಬಿಟ್ಟೀತು? ಅದರ ವಿರುದ್ಧದ ಹೋರಾಟ ಇದ್ದೇ ಇದೆ. ಆದರೆ ಆ ಹೋರಾಟ ಗೆಲ್ಲುವತನಕ ಇಂದು ಬಿಡಬೇಕೆನ್ನುವ ಮನುಷ್ಯ ಎಲ್ಲಿಗೆ ಹೋಗಬೇಕು?

ಅವನು ತನ್ನಂಥವರ ಬಳಿಗೆ ಹೋಗಬೇಕು ಎಂಬುದು ನಮ್ಮ ಅಭಿಪ್ರಾಯ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಶೇರುಪೇಟೆಯ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ರಾಬರ್ಟ್ ಸ್ಮಿತ್ ಭೇಟಿಯಾದರು. ಇಬ್ಬರೂ ಕುಡಿತದಿಂದ ಕೆಟ್ಟವರು. ಒಬ್ಬ ಕುಡುಕ ಇನ್ನೊಬ್ಬ ಕುಡುಕನೊಡನೆ ಮನಬಿಚ್ಚಿ ಮಾತಾಡಿದರೆ ಇಬ್ಬರೂ ಬಾಟಲಿಯಿಂದ ದೂರ ಉಳಿಯಬಲ್ಲರೆಂಬುದನ್ನು ಅವರು ಕಂಡುಕೊಂಡರು. ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಹೀಗೆ ಹುಟ್ಟಿತು; 1957ರಲ್ಲಿ ಬೊಂಬಾಯಿಗೂ ಬಂತು. ಕುಡುಕರ ಮನೆಯವರಿಗಾಗಿ 1951ರಲ್ಲಿ ಅಲ್-ಅನಾನ್ ಎಂಬ ಬೇರೆ ಕೂಟ ಆಯಿತು.

ಅಲ್ಲಿ ನಡೆಯುವುದೇನು? ಒಂದು ಒಂದೂವರೆ ತಾಸಿನ ಬೈಠಕ್. ಫೀ ಇಲ್ಲ, ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ, ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಸೇರಲು ಬೇಕಾದ ಅರ್ಹತೆ ಒಂದೇ: ಕುಡಿತ ಬಿಡಬೇಕೆಂಬ ಇಚ್ಛೆ. ಒಬ್ಬನು ತನ್ನ ಕಥೆ ಹೇಳುವಾಗ ಉಳಿದವರು ನಡುವೆ ಬಾಯಿ ಹಾಕುವುದಿಲ್ಲ. ಮಾತಾಡಲು ಮನಸ್ಸಿಲ್ಲದವನು ಕೇಳುತ್ತ ಕೂಡ್ರಬಹುದು. ಯಾರು ಬಂದಿದ್ದರು, ಏನು ಹೇಳಿದರು ಎಂಬುದು ಹೊರಗೆ ಹೋಗಕೂಡದು.

ನಮ್ಮ ನಾಡಿನಲ್ಲಿಯೂ ಈ ಕೆಲಸ ನಡೆದಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರಕ್ಕಿಂತ ಅದರ ಬಳಿಕದ ವ್ಯವಸ್ಥೆ ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಬಿಟ್ಟವರು ನವಜೀವನ ಸಮಿತಿ ಕಟ್ಟಿಕೊಂಡು ಸೇರುತ್ತಿರುತ್ತಾರೆ. ಎಂಟು ದಿನ ಬಿಡುವುದು ಕಷ್ಟ. ಒಂಬತ್ತನೆಯ ದಿನ ಹಳೆಯ ಗೆಳೆಯರ ನಡುವೆ ನಿಲ್ಲುವುದು ಅದಕ್ಕಿಂತ ಕಷ್ಟ.

ತಮ್ಮ ಬದುಕಿನ ಅನುಭವವನ್ನು ನಾಲ್ವರ ನಡುವೆ ಬಿಚ್ಚಿಡುವ ರೂಢಿ ಈ ಜಿಲ್ಲೆಗೆ ಅಮೆರಿಕದಿಂದ ಬರಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಅಂಬಿಗನಿದ್ದ, ಹೆಂಡದ ಮಾರಯ್ಯನೂ ಇದ್ದ.

ಕೆಲವು ಸಂಗಾತಿಗಳು, ಆ ಬೈಠಕ್ಕಿನಲ್ಲಿ ದೇವರ ಮಾತು ಬರುತ್ತದೆ, ಅದು ನಮಗೆ ಸಲ್ಲದು ಎನ್ನುತ್ತಾರೆ. ಮಾತು ಬರುವುದು ನಿಜ. ಆದರೆ ದೇವರನ್ನು ಯಾರು ಹೇಗೆ ತಿಳಿದುಕೊಳ್ಳುತ್ತಾರೋ ಅದು ಅವರಿಗೆ ಬಿಟ್ಟದ್ದು. ನಂಬದವನನ್ನು ಬಾಗಿಲಲ್ಲಿ ತಡೆಯುವುದಿಲ್ಲ. ಇದೆಲ್ಲ ಬರಿಯ ಮಾತು ಎನ್ನುವವರೂ ಇದ್ದಾರೆ. 27 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ಸಂಸ್ಥೆಯ 2020ರ ವರದಿಯ ಪ್ರಕಾರ, ಜನರನ್ನು ಕ್ರಮವಾಗಿ ಇಂಥ ಕೂಟಕ್ಕೆ ಸೇರಿಸುವ ಚಿಕಿತ್ಸೆ ಪೂರ್ತಿಯಾಗಿ ಕುಡಿತ ಬಿಡಿಸುವುದರಲ್ಲಿ ಬೇರೆ ಚಿಕಿತ್ಸೆಗಳಿಗಿಂತ ಮುಂದಿತ್ತು.

ಒಂದು ಎಚ್ಚರಿಕೆ. ದಿನಾಲು ವಿಪರೀತ ಕುಡಿಯುವವನು ಹಟದಿಂದ ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಕೈಕಾಲು ನಡುಗಿ, ಫಿಟ್ಸ್ ಬಂದು, ಭ್ರಮೆ ಹಿಡಿದು ಪ್ರಾಣಕ್ಕೂ ಅಪಾಯವಾದೀತು. ಅಂಥವನು ಮೊದಲು ಬೀದರದ ಬ್ರಿಮ್ಸ್ ಆಸ್ಪತ್ರೆಯ ಮಾನಸಿಕ ವಿಭಾಗದ ವೈದ್ಯರನ್ನು ಕಾಣಲಿ. ಹತ್ತಿರದ ಕೂಟ ಎಲ್ಲಿದೆಯೆಂದೂ ಅಲ್ಲಿಯೇ ಕೇಳಲಿ. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿ ಸಲಹೆ ಸಿಗುತ್ತದೆ, ದುಡ್ಡು ಬೀಳುವುದಿಲ್ಲ. ವ್ಯಸನ ಬಿಡಿಸುವುದಕ್ಕೆಂದೇ ಇರುವ ಕೇಂದ್ರ ಸರಕಾರದ ಸಂಖ್ಯೆ 14446. ಮೊದಲ ಸಲ ಹೋಗಲು ನಾಚಿಕೆಯಾದರೆ ಶಿಬಿರ ಮುಗಿಸಿದ ಪರಿಚಯದವನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಲಿ. ಮೊದಲ ಬೈಠಕ್ ಹಿಡಿಸಲಿಲ್ಲವೆಂದು ಬಿಡಬಾರದು, ನಾಲ್ಕೈದು ಸಲ ಹೋಗಿ ನೋಡಬೇಕು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಚಿದ್ರಿಯಲ್ಲಿ ಭಾನುವಾರ ಸಂಜೆ ಒಂದು ಕೋಣೆ ಸಿಗಬೇಕು. ಸಂಘದ ಕಚೇರಿಯಾದರೂ ಸರಿ, ವ್ಯಾಪಾರಿಯೊಬ್ಬನ ಗೋದಾಮಾದರೂ ಸರಿ. ಬೋರ್ಡು ಬೇಡ, ಭಾಷಣ ಬೇಡ, ಯಾವ ಪಕ್ಷದ ಬಾವುಟವೂ ಬೇಡ. ಗಿರಣಿ ಮಾಲೀಕರು ಬೈಠಕ್ಕಿಗೆ ಹೋಗುವವನ ಪಾಳಿ ಬದಲಿಸಿಕೊಡಬೇಕು. ಚಿಕಿತ್ಸೆಗೆ ಹೋದನೆಂದು ಕೆಲಸದಿಂದ ತೆಗೆಯಕೂಡದು. ಮತ್ತೆ ಜಾರಿ ಬಿದ್ದವನನ್ನು ನೋಡಿ ಓಣಿಯವರು ನಗಬಾರದು. ಅವನು ಮುಂದಿನ ಭಾನುವಾರ ಮತ್ತೆ ಬರಲಿ. ಕೋಣೆ ಕೊಡಬಲ್ಲವರು ನಮ್ಮ ಕಚೇರಿಗೆ ಒಂದು ಮಾತು ತಿಳಿಸಲಿ.