ಗಿಂಡಿಯ ಬೆಲೆಯೂ ಗುರುವಿನ ಬೆಲೆಯೂ

ಚೀನಾದೇಶದ ಯಿಶಿಂಗಿನ ಕುಂಬಾರ ಗು ಜಿಂಗ್‌ಜೋ ಅವರು 1948ರಲ್ಲಿ ಮಾಡಿದ ಚಹದ ಗಿಂಡಿಯೊಂದು 2010ರ ಹರಾಜಿನಲ್ಲಿ 1 ಕೋಟಿ 20 ಲಕ್ಷ ಯುವಾನಿಗೂ ಮೀರಿ ಮಾರಿತು. ಇದನ್ನು ಕಲೆಗೆ ಸಂದ ಗೌರವವೆಂದು ಹೊಗಳುವವರ ಮಾತನ್ನು ನಾವು ಒಪ್ಪಲಾರೆವು. ಅವರು 1996ರಲ್ಲಿಯೇ ತೀರಿಕೊಂಡಿದ್ದರು. ಆ ಹಣದಲ್ಲಿ ಒಂದು ಕಾಸೂ ಮಣ್ಣು ಮಿದಿದ ಕೈಗೆ ಸೇರಲಿಲ್ಲ.

ಯಿಶಿಂಗಿನ ಗಿಂಡಿ ತಿಗರಿಯ ಮೇಲೆ ಹುಟ್ಟುವುದಲ್ಲ. ನೇರಳೆ ಮಣ್ಣನ್ನು ಮರದ ಹಲಗೆಯಿಂದ ತಟ್ಟಿ, ಹಾಳೆಮಾಡಿ, ಕೂಡಿಸಿ ರೂಪಿಸಬೇಕು. ಮೇಲೆ ಹೊಳಪಿನ ಲೇಪವಿಲ್ಲ. ಕೈ ತಪ್ಪಿದರೆ ಮುಚ್ಚಿಡುವಂತಿಲ್ಲ. 1915ರಲ್ಲಿ ಹುಟ್ಟಿದ ಗು ಅವರು ಹರೆಯದಲ್ಲಿ ಈ ವಿದ್ಯೆಯನ್ನು ಕಲಿತರು. ಮೂವತ್ತರ ದಶಕದಲ್ಲಿ ಶಾಂಘೈ ನಗರದ ವ್ಯಾಪಾರಿಯೊಬ್ಬನಿಗಾಗಿ ಪ್ರಾಚೀನ ಗಿಂಡಿಗಳ ಪ್ರತಿರೂಪ ಮಾಡಿಕೊಟ್ಟರು. ಅಂದು ಅವರ ಕೈಯನ್ನು ಕೊಂಡು ಹೆಸರನ್ನು ಅಡಗಿಸಿದ ಪೇಟೆಯೇ ಇಂದು ಆ ಹೆಸರನ್ನು ಮಾರುತ್ತಿದೆ. ಇಂಥ ಪೇಟೆ ಕಲೆಯ ತಕ್ಕಡಿಯಾದೀತೆ?

ಐವತ್ತರ ದಶಕದಲ್ಲಿ ಯಿಶಿಂಗಿನ ಕುಂಬಾರರು ಸಹಕಾರ ಸಂಘ ಕಟ್ಟಿದಾಗ ಗು ಅವರು ಶಿಷ್ಯರನ್ನು ಕೂಡಿಸಿಕೊಂಡು ಕಲಿಸಲು ನಿಂತರು. ಪಾಠ ಹೇಳಿ ಬದುಕುವ ನಾವು ಇದನ್ನೇ ಅವರ ದೊಡ್ಡ ಕೃತಿಯೆನ್ನುತ್ತೇವೆ. ಗಿಂಡಿ ಒಬ್ಬ ಧನಿಕನ ಕಪಾಟು ಸೇರುತ್ತದೆ. ಕಲಿತ ಕೈ ಮತ್ತೊಂದು ಕೈಯನ್ನು ಕಲಿಸುತ್ತದೆ. ಬೆಲೆ ಕಟ್ಟುವವರು ಮೊದಲು ಅದಕ್ಕೆ ಕಟ್ಟಲಿ.