ಸುರಂಗದ ಸುಂಕಕ್ಕೆ ಕೊನೆ ಎಲ್ಲಿ?

ಬೆಂಗಳೂರಿನ ಉದ್ದೇಶಿತ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ಟೋಲ್ ಜಗಳವೆಲ್ಲ ಒಂದೇ ಅಂಕಿಯ ಸುತ್ತ ಗಿರಕಿ ಹೊಡೆಯುತ್ತಿದೆ: ಕಿಲೊಮೀಟರಿಗೆ 19 ರೂಪಾಯಿ. 16.75 ಕಿ.ಮೀ. ದಾಟಲು ಮುನ್ನೂರರ ಮೇಲಾಗುತ್ತದೆ. ದುಬಾರಿ ಎನ್ನುವವರೂ ಹೊತ್ತು ಉಳಿಯುತ್ತದಲ್ಲ ಎನ್ನುವವರೂ ತಪ್ಪು ಅಂಕಿಗಾಗಿ ಕಾದಾಡುತ್ತಿದ್ದಾರೆ. ದರವನ್ನು ನಾಳೆ ಇಳಿಸಬಹುದು, ಗದ್ದಲ ಜೋರಾದರೆ ರಿಯಾಯಿತಿ ಪಾಸ್ ಕೊಡಬಹುದು. ಆದರೆ ಸುರಂಗ ಕಟ್ಟುವ ಕಂಪನಿಗೆ ಒಪ್ಪಂದದಲ್ಲಿ ಲಾಭದ ಖಾತರಿ ಬರೆದುಕೊಟ್ಟರೆ ಅದನ್ನು ಕಿತ್ತುಹಾಕಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಗುತ್ತದೆ.

ಉತ್ಪ್ರೇಕ್ಷೆ ಎನಿಸಿದರೆ ದೆಹಲಿ–ನೊಯ್ಡಾ ನಡುವಿನ ಡಿಎನ್‌ಡಿ ಫ್ಲೈವೇ ಕಡೆ ನೋಡಿ. 1997ರಲ್ಲಿ ಒಪ್ಪಂದ, 2001ರಲ್ಲಿ ಸಂಚಾರ ಆರಂಭ. ಖರ್ಚಾದದ್ದು ಸುಮಾರು 400 ಕೋಟಿ ರೂಪಾಯಿ. ಅದನ್ನು ಕಟ್ಟಿದ ಕಂಪನಿಗೆ ಒಟ್ಟು ವೆಚ್ಚದ ಮೇಲೆ ವರ್ಷಕ್ಕೆ ಶೇ 20ರಷ್ಟು ಆದಾಯದ ಭರವಸೆ ಕೊಡಲಾಗಿತ್ತು. ಒಂದು ವರ್ಷದ ವಸೂಲಿ ಅಷ್ಟಕ್ಕೆ ಸಾಲದೇ ಹೋದರೆ ಆ ಕೊರತೆಯೂ ‘ಯೋಜನಾ ವೆಚ್ಚ’ಕ್ಕೆ ಸೇರುತ್ತಿತ್ತು, ಮರುವರ್ಷ ಅದರ ಮೇಲೂ ಶೇ 20. ಮೀಟರ್ ಬಡ್ಡಿಗೆ ಸಾಲ ತಂದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಶೇ 20ರ ಚಕ್ರಬಡ್ಡಿಯಲ್ಲಿ ನೂರು ರೂಪಾಯಿ ಬಾಕಿ ನಾಲ್ಕೇ ವರ್ಷಕ್ಕೆ ಇನ್ನೂರು ದಾಟುತ್ತದೆ, ಹತ್ತು ವರ್ಷಕ್ಕೆ ಆರುನೂರು. ವಾಹನ ಸವಾರರು ಕಟ್ಟುತ್ತಲೇ ಇದ್ದರು, ಕಾಗದದ ಮೇಲಿನ ಬಾಕಿ ಬೆಳೆಯುತ್ತಲೇ ಇತ್ತು. ನೊಯ್ಡಾ ನಿವಾಸಿಗಳ ಸಂಘಗಳ ಒಕ್ಕೂಟ ಕೋರ್ಟಿಗೆ ಹೋಯಿತು. 2016ರಲ್ಲಿ ಅಲಹಾಬಾದ್ ಹೈಕೋರ್ಟ್ ವಸೂಲಿ ನಿಲ್ಲಿಸಿತು, 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಈ ಸೂತ್ರ ಒಪ್ಪಿದರೆ ಟೋಲ್‌ಗೆ ಕೊನೆಯೇ ಇರುವುದಿಲ್ಲ ಎಂಬುದು ತೀರ್ಪಿನ ತಿರುಳು.

ಅದೇ 1997ರಲ್ಲಿ ನಾವೂ ಒಂದು ಒಪ್ಪಂದಕ್ಕೆ ಸಹಿ ಹಾಕಿದೆವು. ಅದರಡಿ ಕಟ್ಟಬೇಕಿದ್ದ ನೈಸ್ ಯೋಜನೆಯ 111 ಕಿ.ಮೀ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಗಿಯಲೇ ಇಲ್ಲ. ಬೆಂಗಳೂರಿನ ಸುತ್ತಲಿನ ರಸ್ತೆಯಲ್ಲಿ ಸುಂಕ ಮಾತ್ರ ನಿಂತಿಲ್ಲ. ಮೂರು ದಶಕಗಳ ವ್ಯಾಜ್ಯವಾದರೂ ನಮಗೆ ಒಪ್ಪಂದ ಓದುವ ಅಭ್ಯಾಸ ಕಲಿಸಬೇಕಿತ್ತು.

ಸುರಂಗದ ವಿಷಯದಲ್ಲಿ ಅಪಾಯ ಇನ್ನೂ ಹತ್ತಿರದಲ್ಲಿದೆ. ಮೆಟ್ರೊ ನೀಲಿ ಮಾರ್ಗ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಮೂಲಕ ಹೆಬ್ಬಾಳ ದಾಟಿ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಸುರಂಗದ ಎರಡೂ ತುದಿಗಳು ಅದರ ಮೇಲೇ ಇವೆ. ಜನ ಕಾರು ಬಿಟ್ಟು ರೈಲು ಹತ್ತಬೇಕೆಂದೇ ಅಷ್ಟು ದುಡ್ಡು ಸುರಿದಿದ್ದೇವೆ. ಹಾಗೆ ಹತ್ತಿದರೆ ಸುರಂಗದ ವಸೂಲಿ ಕುಸಿಯುತ್ತದೆ. ಆ ನಷ್ಟ ಯಾರದು? ಕಂಪನಿಯದಾದರೆ ಅದು ವ್ಯಾಪಾರ. ಸರ್ಕಾರ ತುಂಬಿಕೊಡುವುದಾದರೆ ಅಥವಾ ವಸೂಲಿ ಅವಧಿ ಹಿಗ್ಗಿಸುವುದಾದರೆ, ಮೆಟ್ರೊ ಗೆದ್ದಷ್ಟೂ ತೆರಿಗೆದಾರ ಸೋಲುತ್ತಾನೆ. ಬೈಕಿನವರಿಗೆ ಸುರಂಗದೊಳಗೆ ಪ್ರವೇಶವಿಲ್ಲ ಎನ್ನುತ್ತಾರೆ. ಆದರೆ ತೆರಿಗೆಯಿಂದ ಈ ನಷ್ಟ ತುಂಬುವ ಸರದಿಯಲ್ಲಿ ಅವರಿಗೆ ವಿನಾಯಿತಿ ಸಿಗುವುದಿಲ್ಲ.

ಖಾಸಗಿ ಬಂಡವಾಳ ಬೇಡ ಎಂದು ನಾನು ಹೇಳುತ್ತಿಲ್ಲ. ಹಾಕಿದ ದುಡ್ಡಿಗೆ ನ್ಯಾಯವಾದ ಲಾಭ ಸಿಗಲಿ. ಆದರೆ ಯೋಜನಾ ವೆಚ್ಚವನ್ನು ಮೊದಲ ದಿನವೇ ಒಂದು ಅಂಕಿಗೆ ಕಟ್ಟಿಹಾಕಬೇಕು, ವಸೂಲಿಯ ಲೆಕ್ಕ ಪ್ರತಿವರ್ಷ ಮಹಾಲೇಖಪಾಲರ ತಪಾಸಣೆಗೆ ಒಳಪಡಬೇಕು, ವಾಹನ ಕಡಿಮೆಯಾದ ನಷ್ಟ ಕಂಪನಿಯ ತಲೆಯ ಮೇಲೇ ಇರಬೇಕು. ಈ ಮೂರನ್ನೂ ಬರೆದ ಕರಡು ಒಪ್ಪಂದವನ್ನು ಸಹಿಗೆ ಮುನ್ನವೇ ಕನ್ನಡದಲ್ಲಿ ಜನರ ಮುಂದಿಡಿ. ಅಲ್ಲಿಯವರೆಗೆ 19 ರೂಪಾಯಿಯ ಚರ್ಚೆಯನ್ನು ನಿಲ್ಲಿಸಿ.