ದೂರು ಹೇಳುವ ಗಿರಾಕಿಯೂ ಬಳಗದವನೇ

ಈಚಿನ ವರ್ಷಗಳಲ್ಲಿ ವ್ಯಾಪಾರಸ್ಥರ ಬಾಯಲ್ಲಿ ಒಂದು ಹೊಸ ಮಾತು ಬಹಳವಾಗಿ ಕೇಳಿಬರುತ್ತಿದೆ. ಸರಕನ್ನು ಮಾರಿದರೆ ಸಾಲದಂತೆ, ಅದರ ಸುತ್ತ ಒಂದು 'ಕಮ್ಯೂನಿಟಿ' ಕಟ್ಟಬೇಕಂತೆ. ಸೀರೆ ಅಂಗಡಿಯವರು, ಬೇಕರಿಯವರು, ಗಾಣದ ಎಣ್ಣೆ ಮಾರುವವರು, ಕೊನೆಗೆ ಔಷಧಿ ಅಂಗಡಿಯವರು ಕೂಡ ಗಿರಾಕಿಗಳ ವಾಟ್ಸ್‌ಆ್ಯಪ್ ಗುಂಪುಗಳನ್ನು ಕಟ್ಟಿಕೊಂಡಿದ್ದಾರೆ. ನನ್ನ ಫೋನಿನಲ್ಲಿಯೇ ಇಂಥ ಒಂಬತ್ತು ಗುಂಪುಗಳಿವೆ. ನಾನು ಒಪ್ಪಿ ಸೇರಿದ್ದು ಎರಡಕ್ಕೆ ಮಾತ್ರ. ಉಳಿದ ಏಳಕ್ಕೆ ನನ್ನನ್ನು ಯಾರು ಸೇರಿಸಿದರೋ ತಿಳಿಯದು.

ಕನ್ನಡದ ಮೇಷ್ಟರಾಗಿದ್ದವನಿಗೆ ಶಬ್ದಗಳ ಚಪಲ ಬಿಡುವುದಿಲ್ಲ. 'ಗ್ರಾಹಕ' ಎಂದರೆ ತೆಗೆದುಕೊಳ್ಳುವವನು. ಕೊಟ್ಟದ್ದನ್ನು ಕೊಂಡು, ಹಣ ಎಣಿಸಿ ಹೋದರೆ ಅಲ್ಲಿಗೆ ಸಂಬಂಧ ಮುಗಿಯಿತು. 'ಬಳಗ'ದ ಮಾತು ಬೇರೆ. ಬಳಗದವರು ಮದುವೆಗೆ ಬಂದು ಬಡಿಸುತ್ತಾರೆ, ಸಾರಿಗೆ ಉಪ್ಪು ಸಾಲದೆಂದು ಆಡಿಕೊಳ್ಳುತ್ತಾರೆ, ಮುನಿಸಿಕೊಳ್ಳುತ್ತಾರೆ, ಮರುವರ್ಷ ಮತ್ತೆ ಬರುತ್ತಾರೆ. ಮುನಿಸಿಕೊಳ್ಳುವ ಹಕ್ಕು ಇಲ್ಲದವರನ್ನು ಯಾರೂ ಬಳಗವೆಂದು ಕರೆಯುವುದಿಲ್ಲ. ಗ್ರಾಹಕರನ್ನು ಬಳಗವಾಗಿ ಮಾಡಿಕೊಳ್ಳುತ್ತೇವೆಂದು ಹೊರಟವರು ಈ ಹಕ್ಕನ್ನು ಮಾತ್ರ ಕೊಡಲು ಸಿದ್ಧರಿಲ್ಲ ಎಂಬುದೇ ನನ್ನ ತಕರಾರು.

ಒಂದು ಉದಾಹರಣೆ ಕೊಡುತ್ತೇನೆ. ಮಿಕ್ಸಿ ತಯಾರಿಸುವ ಒಂದು ಕಂಪನಿಯ ಗುಂಪಿನಲ್ಲಿ ನಾನಿದ್ದೇನೆ; ಹೆಸರು ಬೇಡ. ಅಲ್ಲಿ ದಿನಕ್ಕೆ ಇಪ್ಪತ್ತು ಶುಭೋದಯಗಳು, ಹಬ್ಬಕ್ಕೆ ನೂರು ಶುಭಾಶಯಗಳು. 'ನಮ್ಮ ಮನೆಯ ಮಿಕ್ಸಿಯ ಜಾರಿನ ಮುಚ್ಚಳದ ರಬ್ಬರು ಆರು ತಿಂಗಳಿಗೇ ಸಡಿಲವಾಗಿದೆ, ಬೇರೆಯವರಿಗೂ ಹೀಗಾಗಿದೆಯೇ?' ಎಂದು ನಾನೊಮ್ಮೆ ಬರೆದೆ. ಬೈಗುಳವಿಲ್ಲ, ವ್ಯಂಗ್ಯವಿಲ್ಲ. ಹದಿನೈದು ನಿಮಿಷದಲ್ಲಿ ಬರಹ ಮಾಯವಾಯಿತು. 'ಇಲ್ಲಿ ಪಾಸಿಟಿವ್ ವಿಷಯಗಳನ್ನು ಮಾತ್ರ ಹಂಚಿಕೊಳ್ಳಿ' ಎಂಬ ಸೂಚನೆ ಬಂತು. ಹೂವಿನ ಚಿತ್ರಗಳು ಮಾತ್ರ ಇಂದಿಗೂ ಅಲ್ಲೇ ಇವೆ.

ಸಕಾರಾತ್ಮಕವೆಂದರೆ ಸದ್ದಿಲ್ಲದ್ದು ಎಂದು ತಿಳಿಯುವ ಈ ಭ್ರಮೆ ನನಗೆ ಹೊಸದಲ್ಲ. ಶಾಲಾ ತಪಾಸಣೆಗೆ ಬರುತ್ತಿದ್ದ ಕೆಲವು ಅಧಿಕಾರಿಗಳು ಗಪ್‌ಚಿಪ್ಪಾಗಿ ಕುಳಿತ ತರಗತಿಯನ್ನು ಕಂಡು ತಲೆದೂಗುತ್ತಿದ್ದರು. ಮೇಷ್ಟರುಗಳಿಗೆ ಒಳಗುಟ್ಟು ಗೊತ್ತಿತ್ತು. 'ಸಾರ್, ನೀವು ನಿನ್ನೆ ಹೇಳಿದ್ದಕ್ಕೂ ಇವತ್ತು ಹೇಳಿದ್ದಕ್ಕೂ ತಾಳೆಯಾಗುವುದಿಲ್ಲ' ಎಂದು ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತನೆಂದರೆ ಆ ತರಗತಿ ಪಾಠ ಕೇಳುತ್ತಿದೆ ಎಂದು ಅರ್ಥ.

ಇದನ್ನು ಚೆನ್ನಾಗಿ ಅರಿತ ಒಂದು ಕಂಪನಿಯ ಕಥೆಯನ್ನು ಈಗ ಹೇಳುತ್ತೇನೆ. ಮಕ್ಕಳು ಒಂದಕ್ಕೊಂದು ಜೋಡಿಸಿ ಮನೆ, ಬಂಡಿ, ಕೋಟೆಗಳನ್ನು ಕಟ್ಟುವ ಪ್ಲಾಸ್ಟಿಕ್ಕಿನ ಇಟ್ಟಿಗೆಗಳನ್ನು ತಾವು ನೋಡಿರುತ್ತೀರಿ. ಇವುಗಳನ್ನು ತಯಾರಿಸುವ ಲೆಗೋ ಕಂಪನಿಯನ್ನು ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನಲ್ಲಿ 1932ರಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ ಆರಂಭಿಸಿದ. ಮೊದಲು ಮರದ ಆಟಿಕೆಗಳು, ಆಮೇಲೆ ಪ್ಲಾಸ್ಟಿಕ್. ಇಟ್ಟಿಗೆಯ ಈಗಿನ ರಚನೆಗೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದು 1958ರಲ್ಲಿ. ಅಂದು ತಯಾರಾದ ಇಟ್ಟಿಗೆ ಇಂದು ಕೊಂಡ ಇಟ್ಟಿಗೆಗೆ ಸರಿಯಾಗಿ ಕೂರುತ್ತದೆ. ತಾತ ಆಡಿದ್ದಕ್ಕೆ ಮೊಮ್ಮಗ ತನ್ನದನ್ನು ಜೋಡಿಸಬಹುದು. ಮುಂದೆ ಹೇಳುವ ಒಂದು ಜಗಳಕ್ಕಾಗಿ ಈ ಸಂಗತಿ ನೆನಪಿನಲ್ಲಿರಲಿ.

1998ರಲ್ಲಿ ಕಂಪನಿ 'ಮೈಂಡ್‌ಸ್ಟಾರ್ಮ್ಸ್' ಎಂಬ ಪೆಟ್ಟಿಗೆಯನ್ನು ಹೊರತಂದಿತು. ಅದರಲ್ಲಿ ಒಂದು ಪುಟ್ಟ ಗಣಕಯಂತ್ರವನ್ನು ಅಡಗಿಸಿದ ದಪ್ಪ ಇಟ್ಟಿಗೆ, ಮೋಟಾರುಗಳು, ಸಂವೇದಕಗಳು. ಮಕ್ಕಳು ಅದಕ್ಕೆ ಆಜ್ಞೆ ಬರೆದು ಯಂತ್ರಮಾನವರನ್ನು ಮಾಡಲಿ ಎಂಬುದು ಉದ್ದೇಶ. ಆದರೆ ಕೊಂಡವರಲ್ಲಿ ದೊಡ್ಡವರ ಸಂಖ್ಯೆಯೂ ದೊಡ್ಡದಿತ್ತು. ಪೆಟ್ಟಿಗೆ ಹೊರಬಂದ ಸ್ವಲ್ಪ ಕಾಲದಲ್ಲೇ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಆ ಇಟ್ಟಿಗೆಯ ಒಳಗುಟ್ಟನ್ನು ಬಿಡಿಸಿ ಅಂತರಜಾಲದಲ್ಲಿ ಎಲ್ಲರಿಗೂ ಹಂಚಿದ. ಅದನ್ನು ಆಧರಿಸಿ ಬೇರೆಯವರು ಕಂಪನಿಯದಕ್ಕಿಂತ ಸಮರ್ಥವಾದ ತಂತ್ರಾಂಶಗಳನ್ನು ಬರೆದರು. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ವಕೀಲರ ನೋಟಿಸು ಹೋಗುತ್ತದೆ. ಲೆಗೋದ ಒಳಗೂ ಆತಂಕವಿತ್ತು. ಕೊನೆಗೆ ಅವರು ಯಾರನ್ನೂ ಕೋರ್ಟಿಗೆ ಎಳೆಯಲಿಲ್ಲ. ತಮ್ಮ ತಂತ್ರಾಂಶದ ಪರವಾನಗಿ ಪತ್ರದಲ್ಲಿಯೇ ಹೀಗೆ ಬಿಚ್ಚಿ ತಿದ್ದುವ ಹಕ್ಕನ್ನು ಸೇರಿಸಿದರು. ಬೀಗ ಒಡೆದವನ ಕೈಗೇ ಬೀಗದ ಕೈ ಕೊಟ್ಟಂತೆ.

ಅದರ ಮುಂದಿನ ಆವೃತ್ತಿ 2006ರಲ್ಲಿ ಬಂತು. ಅದನ್ನು ರೂಪಿಸುವಾಗ ಕಂಪನಿ ತನ್ನ ಬಳಗದೊಳಗಿನ ನಾಲ್ವರು ಹವ್ಯಾಸಿಗಳನ್ನು ಗುಟ್ಟಾಗಿ ಕರೆದು ಸಲಹೆ ಕೇಳಿತು. ಅವರು ಸಂತೋಷದಿಂದ ದುಡಿದರು. ಸಂಬಳವಿರಲಿಲ್ಲ, ಕೆಲವು ಪೆಟ್ಟಿಗೆ ಆಟಿಕೆಗಳೇ ಪ್ರತಿಫಲ. ಡೆನ್ಮಾರ್ಕಿಗೆ ಹೋಗುವ ವಿಮಾನದ ಖರ್ಚನ್ನೂ ತಾವೇ ಹಾಕಿಕೊಂಡರು. ಈ ಮಾತಿಗೆ ಮತ್ತೆ ಬರುತ್ತೇನೆ.

ನಡುವೆ ಕಂಪನಿಗೆ ಕೆಟ್ಟ ಕಾಲ ಬಂದಿತ್ತು. 2003ರಲ್ಲಿ ಭಾರಿ ನಷ್ಟವಾಗಿ, 2004ರಲ್ಲಿ ಮೊದಲ ಬಾರಿಗೆ ಮನೆತನದ ಹೊರಗಿನವರಾದ ಯೋರ್ಗನ್ ವಿಗ್ ಕ್ನುಡ್‌ಸ್ಟೋರ್ಪ್ ಎಂಬವರು ಅದರ ಮುಖ್ಯಸ್ಥರಾದರು. ನಾನು ಹೇಳಿದ ಜಗಳ ಆ ಹೊತ್ತಿನದೇ. ಕಂಪನಿ ತನ್ನ ಬೂದು ಮತ್ತು ಕಂದು ಬಣ್ಣಗಳ ಛಾಯೆಯನ್ನು ಸದ್ದಿಲ್ಲದೆ ಬದಲಾಯಿಸಿತು. ಹೊಸ ಬೂದು ಸ್ವಲ್ಪ ನೀಲಿಗೆ ತಿರುಗಿತ್ತು. ಹೊರಗಿನವರಿಗೆ ಇದೊಂದು ವಿಷಯವೇ ಅಲ್ಲ. ಆದರೆ ಇಪ್ಪತ್ತು ವರ್ಷ ಬೂದು ಇಟ್ಟಿಗೆ ಕೂಡಿಟ್ಟು ಕೋಟೆ ಕಟ್ಟುತ್ತಿದ್ದವನಿಗೆ ಗೋಡೆಯ ಕೆಳಗಿನ ಅರ್ಧ ಒಂದು ಬಣ್ಣ, ಮೇಲಿನ ಅರ್ಧ ಇನ್ನೊಂದು. ಇಟ್ಟಿಗೆ ಕೂರುತ್ತದೆ, ಕಣ್ಣಿಗೆ ಕೂರುವುದಿಲ್ಲ. ಹವ್ಯಾಸಿಗಳು ಅಂತರಜಾಲದಲ್ಲಿ ರೇಗಿದರು. ಹಳೆಯ ಬೂದು ಮರಳಿ ಬರಲಿಲ್ಲ, ನಿಜ. ಆದರೆ ಆ ಕೂಗಾಟದಲ್ಲಿ ನನಗೆ ಕಾಣುವುದು ಬೇರೆ. ಒಂದು ಕಂಪನಿಯ ಬೂದು ಬಣ್ಣದ ಛಾಯೆಗಾಗಿ ಹಗಲಿರುಳು ವಾದಿಸುವ ಜನರನ್ನು ಯಾವ ಜಾಹೀರಾತಿನಿಂದ ಕೊಳ್ಳಲಾದೀತು? ಒಲ್ಲದ ಗಿರಾಕಿ ಸುಮ್ಮನೆ ಪಕ್ಕದ ಅಂಗಡಿಗೆ ಹೋಗಿಬಿಡುತ್ತಾನೆ.

2008ರಲ್ಲಿ ಜಪಾನಿನಲ್ಲಿ ಸಣ್ಣದಾಗಿ ಆರಂಭವಾಗಿ, 2014ರಿಂದ 'ಲೆಗೋ ಐಡಿಯಾಸ್' ಎಂಬ ಹೆಸರು ಪಡೆದ ಏರ್ಪಾಡು ಇನ್ನೂ ಕುತೂಹಲದ್ದು. ಯಾರು ಬೇಕಾದರೂ ತಮ್ಮ ಮಾದರಿಯನ್ನು ಅಲ್ಲಿ ಮುಂದಿಡಬಹುದು. 10,000 ಜನ ಬೆಂಬಲಿಸಿದರೆ ಕಂಪನಿಯ ಮಂಡಲಿ ಅದನ್ನು ಪರಿಶೀಲಿಸುತ್ತದೆ. ತಯಾರಿಕೆಗೆ ಒಪ್ಪಿದರೆ ನಿವ್ವಳ ಮಾರಾಟದಲ್ಲಿ ನೂರಕ್ಕೆ ಒಂದು ಪಾಲು ಸೃಷ್ಟಿಸಿದವರಿಗೆ, ಅವರ ಹೆಸರೂ ಉಲ್ಲೇಖವಾಗುತ್ತದೆ. ಹತ್ತು ಸಾವಿರ ಮುಟ್ಟಿದ್ದರಲ್ಲೂ ಬಹುಪಾಲು ತಿರಸ್ಕೃತವಾಗುತ್ತವೆ. ಎಲೆನ್ ಕೋಯ್‌ಮನ್ ಎಂಬ ಭೂರಸಾಯನ ವಿಜ್ಞಾನಿ ಅಲ್ಲಿ ಮುಂದಿಟ್ಟದ್ದು ಒಂದು ರೀತಿಯಲ್ಲಿ ದೂರೇ: ಲೆಗೋದ ಪುಟ್ಟ ಬೊಂಬೆಗಳಲ್ಲಿ ಹೆಣ್ಣುಗಳು ಕಡಿಮೆ, ಇರುವವರಿಗೂ ಇಂಥದೇ ಕೆಲಸ ಎಂದು ಕಟ್ಟಿಹಾಕಲಾಗಿದೆ. ದೂರಿನ ಜೊತೆಗೆ ಪರಿಹಾರವನ್ನೂ ಅವರು ಕಟ್ಟಿ ತೋರಿಸಿದ್ದರು. ಪಳೆಯುಳಿಕೆ ತಜ್ಞೆ, ಖಗೋಳ ವಿಜ್ಞಾನಿ, ರಸಾಯನ ವಿಜ್ಞಾನಿ, ಹೀಗೆ ಮೂವರು ಮಹಿಳೆಯರ ಆ ಪೆಟ್ಟಿಗೆ 2014ರಲ್ಲಿ ಮಾರುಕಟ್ಟೆಗೆ ಬಂದು ಕೆಲವೇ ದಿನಗಳಲ್ಲಿ ಖಾಲಿಯಾಯಿತು. ನನ್ನ ಮಿಕ್ಸಿ ಕಂಪನಿಯವರ ಕೈಯಲ್ಲಿ ಆಕೆ ಸಿಕ್ಕಿದ್ದರೆ ಹದಿನೈದು ನಿಮಿಷದಲ್ಲಿ ಅಳಿಸಿಹೋಗುತ್ತಿದ್ದರು.

ಇದು ಅಂತರಜಾಲ ಕಲಿಸಿದ ಹೊಸ ವಿದ್ಯೆಯೇನೂ ಅಲ್ಲ. ನಮ್ಮಲ್ಲಿಯೇ ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಚಂದಾದಾರರನ್ನು ನಂಬಿ ಪುಸ್ತಕ ಪ್ರಕಟಿಸಿದರು. ಅವರ ಅಟ್ಟದಲ್ಲಿ ಬರೆಯುವವರೂ ಓದುವವರೂ ಕಲೆತು ಹರಟುತ್ತಿದ್ದರು, ವಾದಿಸುತ್ತಿದ್ದರು. ಕೀರ್ತಿನಾಥ ಕುರ್ತಕೋಟಿಯವರಂಥ ನಿಷ್ಠುರ ವಿಮರ್ಶಕರು ಆ ಸಂಸ್ಥೆಗೆ ಒಳಗಿನವರಾಗಿಯೇ ಇದ್ದರು. 1961ರಲ್ಲಿ ಗಿರೀಶ ಕಾರ್ನಾಡರ 'ಯಯಾತಿ' ಅಲ್ಲಿಂದಲೇ ಹೊರಬಂತು. ವ್ಯಾಪಾರವೆಂದು ನೋಡಿದರೆ ಅದೂ ವ್ಯಾಪಾರವೇ. ಆದರೆ ಅಟ್ಟ ಹತ್ತಿದವರಾರೂ ಬರೀ ಹೊಗಳಲು ಹತ್ತಿದವರಲ್ಲ.

ಹಾಗೆಂದು ಲೆಗೋ ಕಂಪನಿಯನ್ನು ನಾನು ಹಾಡಿ ಹರಸಲಾರೆ. ಆ ನಾಲ್ವರು ತಮ್ಮ ಜೇಬಿನಿಂದ ವಿಮಾನದ ಟಿಕೇಟು ಕೊಂಡದ್ದು ನನಗೆ ಸರಿಕಾಣುವುದಿಲ್ಲ. ಪ್ರೀತಿಯಿಂದ ದುಡಿಯುವವನಿಗೆ ಕೂಲಿ ಬೇಡ ಎಂಬ ತರ್ಕ ಬಹಳ ಹಳೆಯದು. ನಮ್ಮ ಮನೆಗಳ ಹೆಂಗಸರಿಗೆ ಅದು ಚೆನ್ನಾಗಿ ಗೊತ್ತು. ಹವ್ಯಾಸಿಯೊಬ್ಬ 2000ದಲ್ಲಿ ಕಟ್ಟಿದ 'ಬ್ರಿಕ್‌ಲಿಂಕ್' ಎಂಬ ಬಿಡಿ ಇಟ್ಟಿಗೆಗಳ ಅಂತರಜಾಲ ಸಂತೆಯನ್ನು ಕಂಪನಿ 2019ರಲ್ಲಿ ಕೊಂಡುಕೊಂಡಿತು. ಸಂತೆಯ ಜಾಗ ದೊಡ್ಡ ಸಾಹುಕಾರನದೇ ಆದಾಗ ಸಂತೆಗೆ ಬರುವವರು ಸ್ವಲ್ಪ ಎಚ್ಚರದಿಂದಿರುವುದು ಸಹಜ. ಬಳಗವೆಂಬ ಮಾತು ಕೂಲಿ ಉಳಿಸುವ ಉಪಾಯವಾದರೆ ಅದು ಮಿಕ್ಸಿಯವರ ಹೂವಿನ ಚಿತ್ರಗಳಿಗಿಂತ ದೊಡ್ಡ ಮೋಸ.

ಇನ್ನೊಂದು ಅಂಚೂ ಇದೆ. ದೂರಿಗೆ ಜಾಗ ಕೊಡುವುದೆಂದರೆ ಬೈಗುಳಕ್ಕೆ ಜಾಗ ಕೊಡುವುದಲ್ಲ. ಸರಕನ್ನು ಎಷ್ಟಾದರೂ ಟೀಕಿಸಲಿ, ಆದರೆ ಪಕ್ಕದವರ ಜಾತಿ, ಊರು, ಇಂಗ್ಲಿಷು, ಮೈಬಣ್ಣಗಳನ್ನು ಎತ್ತಿದವನನ್ನು ಆ ಕ್ಷಣವೇ ಹೊರಗೆ ಕಳಿಸಬೇಕು. ಅವನು ಎಷ್ಟು ದುಡ್ಡಿನ ಗಿರಾಕಿಯಾದರೂ ಸರಿ. ನಾನು ನೋಡಿದ ಗುಂಪುಗಳಲ್ಲಿ ನಡೆಯುವುದು ಇದಕ್ಕೆ ತಿರುವುಮುರುವು. ರಬ್ಬರಿನ ಮಾತು ಅಳಿಸಿಹೋಗುತ್ತದೆ, ಕೀಳು ನಗೆಹನಿ ಉಳಿದುಕೊಳ್ಳುತ್ತದೆ.

ತುಮಕೂರು ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುತ್ತಾಳೆ. ಅವಳ ಜೊತೆ ಇನ್ನೂ ನಾಲ್ವರು ಹೆಂಗಸರ ಮನೆಯ ಒಲೆ ಅದರಿಂದಲೇ ಉರಿಯುತ್ತದೆ. ಅಂಗಡಿಯಿಲ್ಲ, ಇನ್ನೂರು ಚಿಲ್ಲರೆ ಗಿರಾಕಿಗಳ ಗುಂಪೇ ಅಂಗಡಿ. ಹೋದ ವರ್ಷ ಮಳೆಗಾಲದಲ್ಲಿ ಹುಬ್ಬಳ್ಳಿಯ ಗೃಹಿಣಿಯೊಬ್ಬರು 'ಈ ಸಲದ ಹಪ್ಪಳ ಅರಳುತ್ತಲೇ ಇಲ್ಲ, ಜಿಗುಟಾಗಿದೆ' ಎಂದು ಗುಂಪಿನಲ್ಲಿ ಬರೆದರು. ಇವಳು ಗಾಬರಿಯಿಂದ ಫೋನು ಮಾಡಿದಳು. "ಸಾರ್, ಎಲ್ಲರೂ ನೋಡಿಬಿಡ್ತಾರೆ, ಅಳಿಸಿಬಿಡ್ಲಾ?" "ಅಳಿಸಬೇಡಮ್ಮ, ಬೇರೆಯವರಿಗೂ ಹಾಗಾಗಿದೆಯೇ ಅಂತ ನೀನೇ ಕೇಳು" ಎಂದೆ. ಕೇಳಿದಳು. ಒಬ್ಬರು ಎಣ್ಣೆ ಕಾಯಲಿಲ್ಲವೇನೋ ಎಂದರು, ಇನ್ನೊಬ್ಬರು ಬಿಸಿಲಿಗಿಟ್ಟು ಕರಿಯಿರಿ ಎಂದರು. ಹನ್ನೊಂದು ಜನ ನಮಗೂ ಹಾಗೇ ಆಗಿದೆ ಎಂದರು. ಮೂವರು ಗುಂಪು ಬಿಟ್ಟೇ ಹೋದರು. ಲೆಕ್ಕ ಹಾಕಿ ನೋಡಿದಾಗ ಆ ಹನ್ನೊಂದು ಜನಕ್ಕೂ ಹೋಗಿದ್ದು ಮೋಡ ಕವಿದ ಒಂದು ವಾರದಲ್ಲಿ ನೆರಳಿನಲ್ಲೇ ಒಣಗಿದ ಹಪ್ಪಳಗಳೆಂದು ತಿಳಿಯಿತು. ಎಲ್ಲರಿಗೂ ಬದಲಿ ಕಳಿಸಿದಳು. ಆ ತಿಂಗಳು ಲಾಭವೆಂಬುದು ಇರಲಿಲ್ಲ, ನಾಲ್ವರ ಕೂಲಿಯನ್ನು ಮಾತ್ರ ನಿಲ್ಲಿಸಲಿಲ್ಲ. ಹುಬ್ಬಳ್ಳಿಯ ಆ ತಾಯಿ ಈಗ ಯಾರಾದರೂ ಹಪ್ಪಳ ಸರಿಯಿಲ್ಲವೆಂದರೆ, ಇವಳು ಉತ್ತರಿಸುವ ಮೊದಲೇ, 'ಯಾವ ವಾರದ್ದು ಅಂತ ಪೊಟ್ಟಣದ ಮೇಲಿನ ತಾರೀಕು ನೋಡಿ ಹೇಳ್ರಿ' ಎಂದು ಕೇಳುತ್ತಾರೆ. ಪೊಟ್ಟಣದ ಮೇಲೆ ಒಣಗಿಸಿದ ತಾರೀಕು ಹಾಕುವ ಪದ್ಧತಿ ಆರಂಭವಾದದ್ದೂ ಅವರು ಹಟ ಹಿಡಿದ ಮೇಲೆಯೇ.